ಎಣ್ಣೆಗಾಯಿ, ಮದಗುಣಕಿ ಮತ್ತು ಹೌದು ಹೌದು ಅನ್ನುವ ಮಾಡೆಲ್

ಧಾರವಾಡದ ಸಪ್ತಾಪುರದಲ್ಲಿ ನಾನು ಊಟ ಮಾಡುವ ಖಾನಾವಳಿಯಲ್ಲಿ ರೊಟ್ಟಿ ಜೊತೆ ಎಣ್ಣೆಗಾಯಿ ಇರದ ದಿನ ಕಡಿಮೆ. ನನ್ನ ಪಿಎಚ್‌ಡಿ ಪ್ರಶ್ನೆ ಹುಟ್ಟಿದ್ದು ಆ ಬದನೆಕಾಯಿಯಿಂದಲೇ. ಬದನೆ, ಬ್ಯಾಡಗಿ ಮೆಣಸಿನಕಾಯಿ, ಟೊಮೆಟೊ, ತಂಬಾಕು, ಹಾದಿಬದಿಯ ಮದಗುಣಕಿ (ದತ್ತೂರಿ) ಎಲ್ಲ ಒಂದೇ ಕುಟುಂಬ. ಆದರೆ ಕಾಯಿ ಬೇರೆ ಬೇರೆ. ಕೆಲಗೇರಿ ಕೆರೆ ದಂಡೆಯಲ್ಲಿ ಒಮ್ಮೆ ಮದಗುಣಕಿಯ ಮುಳ್ಳುಕಾಯಿ ಒಣಗಿ ಬಾಯಿ ಬಿಟ್ಟಿತ್ತು. ಬೆರಳಿಂದ ತಟ್ಟಿದೆ, ಬೀಜ ಗಿಡದ ಬುಡಕ್ಕೇ ಉದುರಿದವು. ತಿರುಳಿನ ಹಣ್ಣಾದರೆ ಹಕ್ಕಿ ತಿಂದು ದೂರ ಒಯ್ಯುತ್ತದೆ. ಹಾಗಾದರೆ ತಿರುಳಿನ ಹಣ್ಣು ಬಿಡುವ ವಂಶಗಳಲ್ಲಿ ಹೊಸ ಪ್ರಭೇದ ಬೇಗ ಹುಟ್ಟುತ್ತವಾ? ಅಳಿವು ಕಡಿಮೆಯಾ?

ಇದನ್ನು ಲೆಕ್ಕ ಹಾಕಿ ನೋಡಲು ಬಿಸ್ಸಿ (BiSSE) ಅನ್ನುವ ಗಣಿತದ ಮಾಡೆಲ್ ಇದೆ. 2007ರಲ್ಲಿ ಮ್ಯಾಡಿಸನ್, ಮಿಡ್‌ಫರ್ಡ್, ಆಟೊ ಕೊಟ್ಟದ್ದು. ವಂಶವೃಕ್ಷದ ತುದಿಯ ಪ್ರತಿ ಪ್ರಭೇದಕ್ಕೂ 0 ಅಥವಾ 1 ಬರೆಯಬೇಕು: ಒಣಕಾಯಿ 0, ತಿರುಳು 1. ಅದು ಆರು ವೇಗ ಲೆಕ್ಕ ಹಾಕುತ್ತದೆ. ಹುಟ್ಟು ಎರಡು, ಅಳಿವು ಎರಡು, ಒಂದು ಗುಣದಿಂದ ಇನ್ನೊಂದಕ್ಕೆ ಹೊರಳುವುದು ಎರಡು. ನಾನು ಆರ್ (R) ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಡೈವರ್ಸಿಟ್ರೀ ಪ್ಯಾಕೇಜ್ ಬಳಸಿದೆ. ಮೊದಲ ಸಲ ಒಂದು ತಪ್ಪಾಯಿತು. ನನ್ನ ಮರದಲ್ಲಿ ಕುಟುಂಬದ ಎಲ್ಲ ಪ್ರಭೇದ ಇರಲಿಲ್ಲ. ಎಷ್ಟು ಪಾಲು ಇದೆ ಅಂತ ಹೇಳದಿದ್ದರೆ, ಬಿಟ್ಟುಹೋದವು ಹುಟ್ಟೇ ಇಲ್ಲ ಅಂತ ಮಾಡೆಲ್ ತಿಳಿಯುತ್ತದೆ.

ಸರಿಪಡಿಸಿ ಓಡಿಸಿದೆ. ತಿರುಳೇ ಗೆದ್ದಿತು! ಪೇಢಾ ತಂದು ಲ್ಯಾಬಲ್ಲಿ ಹಂಚಿದೆ. ನನ್ನ ಗೈಡ್ ಸರ್ ಒಂದು ಬಾಯಿಗೆ ಹಾಕಿಕೊಂಡು ಕೇಳಿದರು, "ಸುಳ್ಳು ಗುಣಾ ಕೊಟ್ಟು ನೋಡೀಯೇನಪಾ?"

ನೋಡಿರಲಿಲ್ಲ. ಅದೇ ಮರದ ಮೇಲೆ ಹುಟ್ಟಿಗೂ ಅಳಿವಿಗೂ ಸಂಬಂಧವೇ ಇಲ್ಲದ ಒಂದು ಗುಣವನ್ನು ಕಂಪ್ಯೂಟರಿನಲ್ಲಿ ಸುಮ್ನೆ ಬೆಳೆಸಿ, ಬಿಸ್ಸಿಗೆ ಕೊಟ್ಟೆ. ಅದಕ್ಕೂ ಹೌದು ಅಂದಿತು. ಇನ್ನೊಂದು ಕೊಟ್ಟೆ, ಮತ್ತೆ ಹೌದು. ಪೇಢಾ ಗಂಟಲಲ್ಲೇ ನಿಂತ ಹಾಗಾಯಿತು.

ರಾಬೊಸ್ಕಿ, ಗೋಲ್ಡ್‌ಬರ್ಗ್ ಅನ್ನುವ ಸಂಶೋಧಕರು 2015ರಲ್ಲೇ ಬಿಸ್ಸಿಯ ಈ ರೋಗ ತೋರಿಸಿದ್ದರು. ನಾನೇ ಸರಿಯಾಗಿ ಓದಿರಲಿಲ್ಲ. ನನ್ನ ಮರದಲ್ಲಿ ಎಡವಟ್ಟು ಎಲ್ಲಿ ಅಂದ್ರೆ, ಬದನೆಯ ಕುಲ ಸೊಲಾನಮ್. ಸಾವಿರಕ್ಕೂ ಜಾಸ್ತಿ ಪ್ರಭೇದ ಇರುವ ಕುಲ ಅದು, ಕುಟುಂಬದ ಅರ್ಧದಷ್ಟು ಅದೇ. ಅಲ್ಲಿ ಹೆಚ್ಚುಕಡಿಮೆ ಎಲ್ಲಾ ತಿರುಳಿನ ಹಣ್ಣೇ. ಆ ತಿರುಳು ಸೊಲಾನಮ್ ಹುಟ್ಟುವ ಮೊದಲೇ ಬಂದದ್ದು, ಹತ್ತಿರದ ಕುಲಗಳಲ್ಲೂ ಇದೆ. ಸೊಲಾನಮ್ ಬೇರೆ ಯಾವ ಕಾರಣಕ್ಕೆ ಕವಲೊಡೆದಿದ್ದರೂ ಹೆಸರು ತಿರುಳಿಗೇ ಹೋಗುತ್ತದೆ. ಒಂದೇ ಘಟನೆಯನ್ನು ನೂರಾರು ಸಾಕ್ಷಿ ಅಂತ ಎಣಿಸಿದ ಹಾಗೆ, ಅಲ್ವಾ?

ಆಮೇಲೆ 2016ರಲ್ಲಿ ಬಂದ ಹಿಸ್ಸಿ (HiSSE) ಅನ್ನುವ ಮಾಡೆಲ್‌ಗೆ ಹೋದೆ. ನಾವು ಅಳೆಯದ, ಮರೆಯಲ್ಲಿರುವ ಗುಣಕ್ಕೂ ಅದರಲ್ಲಿ ಜಾಗ ಇದೆ. ಅದಕ್ಕಿಂತ ಒಳ್ಳೇದು, ವೇಗ ಬದಲಾಗುತ್ತದೆ ಆದರೆ ನಮ್ಮ ಗುಣದಿಂದಲ್ಲ ಅನ್ನುವ ಮಾಡೆಲನ್ನೂ ಎದುರಿಗೆ ನಿಲ್ಲಿಸಬಹುದು. ನನ್ನ ಡೇಟಾದಲ್ಲಿ ಗೆದ್ದದ್ದು ಅದೇ.

ಅಳಿವಿನ ಅಂಕಿಗಳನ್ನಂತೂ ಅಧ್ಯಾಯದಿಂದಲೇ ತೆಗೆದೆ. ಸಂಜೆ ಸಂತೆಗೆ ಹೋಗಿ, ಉಳಿದ ಅಂಗಡಿ ಎಣಿಸಿ, ಬೆಳಿಗ್ಗೆಯಿಂದ ಎಷ್ಟು ಜನ ಬಂದು ಎದ್ದು ಹೋದರು ಅಂತ ಹೇಳುವ ಕೆಲಸ ಅದು. ಬದುಕಿರುವ ಪ್ರಭೇದಗಳ ಒಂದೇ ಮರಕ್ಕೆ ಹುಟ್ಟು-ಅಳಿವಿನ ಲೆಕ್ಕವಿಲ್ಲದಷ್ಟು ಕಥೆ ಹೊಂದುತ್ತವೆ ಅಂತ ಲೌಕಾ, ಪೆನ್ನೆಲ್ 2020ರಲ್ಲಿ ಗಣಿತದಿಂದಲೇ ತೋರಿಸಿದ್ದಾರೆ.

ಈಗ ಯಾವ ಗುಣ ಬಂದರೂ ಮೊದಲು ನೂರು ಸುಳ್ಳು ಗುಣ ಓಡಿಸುತ್ತೇನೆ. ರಾತ್ರಿಯೆಲ್ಲ ಹಿಡಿಯುತ್ತದೆ. ನಡುವೆ ಕರೆಂಟ್ ಹೋಗುವುದೂ ಇದ್ದದ್ದೇ, ಅದಕ್ಕೇ ಪ್ರತಿ ಸುತ್ತಿಗೊಮ್ಮೆ ಫೈಲ್ ಸೇವ್ ಆಗುವಂತೆ ಬರೆದಿಟ್ಟಿದ್ದೇನೆ.