ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮನೆ ಕೊಳ್ತೀರಾ? ಮೊದಲು ನೆಲದ ಕೆಳಗೆ ಏನಿದೆ ಕೇಳಿ

ಬೆಂಗಳೂರಿನಲ್ಲಿ ಸೈಟೋ ಫ್ಲಾಟೋ ಕೊಳ್ಳಲು ಹೊರಟರೆ ಮೊದಲ ಅನುಮಾನ ಕಾಗದದ ಮೇಲೆ. ಎ ಖಾತೆಯೋ ಬಿ ಖಾತೆಯೋ, ಇ.ಸಿ. ಎಷ್ಟು ವರ್ಷದ್ದು ತೆಗೆಸಿದ್ದಾರೆ, ಮದರ್ ಡೀಡ್ ಯಾರ ಹತ್ತಿರ ಇದೆ. ನೆದರ್ಲೆಂಡ್ಸ್‌ಗೆ ಕೆಲಸಕ್ಕೆ ಹೋಗಿ, ನಾಲ್ಕಾರು ವರ್ಷ ಬಾಡಿಗೆ ಕಟ್ಟಿ ಸುಸ್ತಾದ ನಮ್ಮವರು ಅಲ್ಲೂ ಅದೇ ಅನುಮಾನ ಹೊತ್ತುಕೊಂಡು ಮನೆ ನೋಡಲು ಹೊರಡುತ್ತಾರೆ. ಅಲ್ಲಿ ಕಾಗದದ ಚಿಂತೆ ಕಡಿಮೆ. ಯಾವ ಆಸ್ತಿ ಯಾರದು, ಅದರ ಮೇಲೆ ಎಷ್ಟು ಅಡಮಾನ ಇದೆ ಅನ್ನುವುದೆಲ್ಲ ಕಾಡಾಸ್ಟರ್ ಎಂಬ ಒಂದೇ ಸರ್ಕಾರಿ ದಾಖಲೆಯಲ್ಲಿರುತ್ತದೆ. ಕೆಲವು ಯೂರೊ ಕೊಟ್ಟರೆ ಯಾರು ಬೇಕಾದರೂ ನೋಡಬಹುದು. ಅಲ್ಲಿ ಅನುಮಾನ ಪಡಬೇಕಾದ್ದು ನೆಲವನ್ನು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ದುಡ್ಡು.

ಹಂತ 1: ಮನೆ ನೋಡುವ ಮೊದಲು ಸಾಲ ಎಷ್ಟು ಸಿಗುತ್ತದೆ ತಿಳಿಯಿರಿ

ಹಿಪೊಥೇಕ್ ಅಂದರೆ ಗೃಹಸಾಲ. ಬ್ಯಾಂಕಿಗೆ ನೇರವಾಗಿ ಹೋಗಬಹುದು, ಆದರೆ ಹೆಚ್ಚಿನವರು ಸ್ವತಂತ್ರ ಸಾಲ ಸಲಹೆಗಾರರ ಹತ್ತಿರ ಹೋಗುತ್ತಾರೆ. ಮೊದಲ ಭೇಟಿ ಸಾಮಾನ್ಯವಾಗಿ ಪುಕ್ಕಟೆ. ಒರಟು ಲೆಕ್ಕದಲ್ಲಿ ವರ್ಷದ ಸಂಬಳದ ನಾಲ್ಕೂವರೆ ಪಟ್ಟು ಸಾಲ ಸಿಗುತ್ತದೆ. ಬಡ್ಡಿ ದರ, ಮನೆಯ ಎನರ್ಜಿ ಲೇಬಲ್ (ಇಂಧನ ಎಷ್ಟು ಉಳಿಸುತ್ತದೆ ಎಂಬ ದರ್ಜೆ), ನಿಮ್ಮ ಬೇರೆ ಸಾಲ ನೋಡಿಕೊಂಡು ಇದು ಹೆಚ್ಚು ಕಡಿಮೆ ಆಗುತ್ತದೆ. ಪ್ರೈವೇಟ್ ಲೀಸ್‌ನಲ್ಲಿ ಕಾರು ತೆಗೆದುಕೊಂಡಿದ್ದೀರಾ? ಅದೂ ಬಿಕೆಆರ್ ಎಂಬ ಸಾಲದ ದಾಖಲೆಯಲ್ಲಿ ಕೂತಿರುತ್ತದೆ, ನಿಮ್ಮ ಮಿತಿಯನ್ನು ಕಡಿತ ಮಾಡುತ್ತದೆ. ಕಾರಿನ ಆಸೆ ಒಂದು ವರ್ಷ ಮುಂದೂಡಿ.

ಕೆಲಸ ಇನ್ನೂ ಕಾಯಂ ಆಗಿಲ್ಲದಿದ್ದರೆ ಕಂಪನಿಯಿಂದ ‘ಕರಾರು ಮುಗಿದ ಮೇಲೆ ಮುಂದುವರಿಸುವ ಉದ್ದೇಶ ಇದೆ’ ಎಂಬ ಪತ್ರ ತರಿಸಿ. ಅದಿಲ್ಲದೆ ಕಷ್ಟ.

ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಅಲ್ಲಿನ ಬ್ಯಾಂಕ್ ಮನೆಯ ಬೆಲೆಯ ಪೂರ್ತಿ 100 ಪರ್ಸೆಂಟ್ ಸಾಲ ಕೊಡುತ್ತದೆ. ಕೇಳಿದವರಿಗೆ ಖುಷಿಯೋ ಖುಷಿ, ಡೌನ್ ಪೇಮೆಂಟೇ ಬೇಡ ಅಂತ. ಆದರೆ ಬ್ಯಾಂಕ್ ಬೆಲೆ ಅನ್ನುವುದು ನೀವು ಕೊಟ್ಟ ಬೆಲೆಯನ್ನಲ್ಲ, ಮೌಲ್ಯಮಾಪಕರು ಬರೆದ ಬೆಲೆಯನ್ನು. ಖರ್ಚುಗಳಿಗೂ ಸಾಲ ಇಲ್ಲ. ಒಂದು ಉದಾಹರಣೆ ನೋಡಿ.

ಮಾರುವವರು ಕೇಳಿದ್ದು 4,25,000 ಯೂರೊ. ಪೈಪೋಟಿ ಇತ್ತು, ನೀವು 4,50,000ಕ್ಕೆ ಗೆದ್ದಿರಿ. ಮೌಲ್ಯಮಾಪಕರು 4,40,000 ಅಂದರು. ಮಧ್ಯದ 10,000 ನಿಮ್ಮ ಜೇಬಿನಿಂದ. ಆಸ್ತಿ ವರ್ಗಾವಣೆ ತೆರಿಗೆ 2 ಪರ್ಸೆಂಟ್, ಅಂದರೆ 9,000. ನೋಟಾರಿಸ್ (ಆಸ್ತಿ ಪತ್ರ ಮಾಡಿಕೊಡುವ ಅಧಿಕಾರಿ), ಮೌಲ್ಯಮಾಪನ, ಸಾಲ ಸಲಹೆ, ಬ್ರೋಕರ್, ಕಟ್ಟಡ ತಪಾಸಣೆ ಎಲ್ಲ ಸೇರಿ ಇನ್ನೊಂದು 8ರಿಂದ 10 ಸಾವಿರ. ಹೀಗೆ ಹತ್ತಿರ ಹತ್ತಿರ 28,000 ಯೂರೊ ಕೈಯಲ್ಲಿ ಇರಲೇಬೇಕು. ಜಾಹೀರಾತಿನಲ್ಲಿ ಬೆಲೆಯ ಪಕ್ಕ ಕೆ.ಕೆ. ಅಂತ ಎರಡು ಅಕ್ಷರ ಇರುತ್ತದಲ್ಲ, ಅದರ ಅರ್ಥವೇ ‘ವರ್ಗಾವಣೆ ಖರ್ಚು ಕೊಳ್ಳುವವರದ್ದು’.

35 ತುಂಬದವರಿಗೆ ಒಂದು ರಿಯಾಯಿತಿ ಉಂಟು. ಆ ಮನೆಯಲ್ಲಿ ತಾವೇ ವಾಸ ಮಾಡುವುದಾದರೆ ಜೀವನದಲ್ಲಿ ಒಂದು ಸಲ ವರ್ಗಾವಣೆ ತೆರಿಗೆ ಪೂರ್ತಿ ಮಾಫಿ. ಬೆಲೆಗೆ ಮಿತಿ ಇದೆ, 2025ರಲ್ಲಿ ಅದು 5,25,000 ಯೂರೊ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ತೆರಿಗೆ ಅಂದುಕೊಳ್ಳಬೇಡಿ, ಇಡೀ ಬೆಲೆಗೆ ಬೀಳುತ್ತದೆ. ಗಂಡನಿಗೆ 36, ಹೆಂಡತಿಗೆ 33 ಆಗಿದ್ದರೆ ಹೆಂಡತಿಯ ಅರ್ಧ ಪಾಲಿಗೆ ಮಾಫಿ, ಗಂಡನ ಅರ್ಧಕ್ಕೆ ತೆರಿಗೆ. ಹುಟ್ಟುಹಬ್ಬ ಹತ್ತಿರ ಇದ್ದರೆ ನೋಟಾರಿಸ್ ಹತ್ತಿರ ಸಹಿ ಹಾಕುವ ದಿನಾಂಕ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಎನ್‌ಎಚ್‌ಜಿ ಎಂಬ ರಾಷ್ಟ್ರೀಯ ಸಾಲ ಖಾತರಿಯನ್ನೂ ಕೇಳಿ. 2025ರಲ್ಲಿ 4,50,000 ಯೂರೊವರೆಗಿನ ಮನೆಗೆ ಸಿಗುತ್ತಿತ್ತು, ಶುಲ್ಕ ಸಾಲದ 0.4 ಪರ್ಸೆಂಟ್. ಇದಿದ್ದರೆ ಬಡ್ಡಿ ಸ್ವಲ್ಪ ಕಡಿಮೆ. ಈ ಮಿತಿಗಳೆಲ್ಲ ಪ್ರತಿ ಜನವರಿಯಲ್ಲಿ ಬದಲಾಗುತ್ತವೆ, ಆ ವರ್ಷದ ಅಂಕಿ ಕೇಳಿಕೊಳ್ಳಿ.

ಊರಿಂದ ಅಪ್ಪ ಅಮ್ಮ ಸಹಾಯ ಮಾಡುವುದಿದ್ದರೆ ಹಣವನ್ನು ಬ್ಯಾಂಕ್ ಮೂಲಕವೇ, ಬೇಗನೆ ತರಿಸಿಕೊಳ್ಳಿ. ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಈ ಹಣ ಎಲ್ಲಿಂದ ಬಂತು ಅಂತ ನೋಟಾರಿಸ್ ಕೇಳಿಯೇ ಕೇಳುತ್ತಾರೆ. ‘ಅಪ್ಪ ಕೊಟ್ಟರು’ ಅಂದರೆ ಸಾಲದು, ದಾಖಲೆ ಬೇಕು.

ಹಂತ 2: ಹುಡುಕಾಟ

ಮಾರಾಟದ ಮನೆಗಳು ಹೆಚ್ಚೂ ಕಡಿಮೆ ಎಲ್ಲವೂ ಫಂಡಾ ಜಾಲತಾಣದಲ್ಲಿ ಸಿಗುತ್ತವೆ. ಮಕೆಲಾರ್ ಅಂದರೆ ಬ್ರೋಕರ್. ಜಾಹೀರಾತು ಹಾಕಿದ ಮಕೆಲಾರ್ ಮಾರುವವರ ಕಡೆಯವರು. ಎಷ್ಟೇ ನಗುನಗುತ್ತಾ ಮಾತಾಡಿದರೂ ನಿಮ್ಮ ಕಡೆಯವರಲ್ಲ. ನಿಮ್ಮ ಪರವಾಗಿ ಬೇರೆ ಮಕೆಲಾರ್ ಇಟ್ಟುಕೊಳ್ಳಬಹುದು, ಅವರ ಫೀಸು ನೀವೇ ಕೊಡಬೇಕು. ಮೊದಲ ಸಲ ಕೊಳ್ಳುವವರು, ಡಚ್ ಬಾರದವರು ಇಟ್ಟುಕೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಅಳತೆ ವಿಷಯದಲ್ಲಿ ಆ ದೇಶ ಪ್ರಾಮಾಣಿಕ. 70 ಚದರ ಮೀಟರ್ ಅಂದರೆ ಸುಮಾರು 750 ಚದರ ಅಡಿ, ಅಷ್ಟೂ ಮನೆಯೊಳಗಿನ ಜಾಗ. ಬಾಲ್ಕನಿ ಸೇರಿಲ್ಲ, ಮೆಟ್ಟಿಲ ಬಳಿಯ ಕಾಮನ್ ಜಾಗ ಸೇರಿಲ್ಲ. ಇಳಿಜಾರು ಸೂರಿನ ಕೆಳಗೆ ಎತ್ತರ ಒಂದೂವರೆ ಮೀಟರ್‌ಗಿಂತ ಕಡಿಮೆ ಇದ್ದರೆ ಆ ಮೂಲೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂಪರ್ ಬಿಲ್ಟ್-ಅಪ್ ಲೆಕ್ಕ ನೋಡಿ ನೋಡಿ ಬೇಸತ್ತವರಿಗೆ ಇದೊಂದು ಸಮಾಧಾನ.

ಹಂತ 3: ನೆಲ ನೋಡಿ

ಮನೆ ನೋಡಲು ಕೊಡುವುದು ಹದಿನೈದು ಇಪ್ಪತ್ತು ನಿಮಿಷ. ನೀವು ಹೊರಗೆ ಬರುವಷ್ಟರಲ್ಲಿ ಮುಂದಿನ ಜೋಡಿ ಬಾಗಿಲಲ್ಲಿ ನಿಂತಿರುತ್ತದೆ. ನಾವು ಹುಡುಕುತ್ತಿದ್ದಾಗ ರಾಟರ್‌ಡ್ಯಾಮ್‌ನಲ್ಲಿ ಒಂದು ಹಳೇ ಮನೆ ನೋಡಿದ್ದೆವು. ಹೊಸ ಅಡುಗೆಮನೆ, ಬಿಳಿ ಗೋಡೆ, ದೊಡ್ಡ ಕಿಟಕಿ, ಒಳ್ಳೆ ಬೆಳಕು. ಮಾರ್ಕೆಟ್ಟಿಂದ ನೇರವಾಗಿ ಹೋಗಿದ್ದೆವು. ನನ್ನ ಹೆಂಡತಿ ಚೀಲ ಕೆಳಗಿಟ್ಟಾಗ ಒಂದು ನಿಂಬೆಹಣ್ಣು ಉರುಳಿ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ. ಬಾಗಿಲ ಹತ್ತಿರದಿಂದ ಹೊರಟು, ಸೋಫಾ ಪಕ್ಕದಲ್ಲಿ ಹಾದು, ಕಿಟಕಿ ಕೆಳಗಿನ ಹೀಟರ್‌ಗೆ ತಾಗಿಯೇ ನಿಂತದ್ದು. ಆಮೇಲೆ ಮಲಗುವ ಕೋಣೆಯ ಬಾಗಿಲು ಗಮನಿಸಿದೆ. ಅದರ ಕೆಳ ಅಂಚನ್ನು ಓರೆಯಾಗಿ ಕೊಯ್ದಿದ್ದರು, ನೆಲಕ್ಕೆ ಉಜ್ಜದ ಹಾಗೆ. ಆ ಮನೆ ಬಿಟ್ಟೆವು.

ಏನಿದರ ಕಥೆ ಅಂದರೆ, ದೇಶದ ಪಶ್ಚಿಮ ಭಾಗದ ನೆಲ ಜೌಗು ಮಣ್ಣು. ಗಟ್ಟಿ ಮರಳಿನ ಪದರ ಸಿಗಬೇಕಾದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಮೀಟರ್ ಆಸುಪಾಸು ಇಳಿಯಬೇಕು. ಹಾಗಾಗಿ ಹಳೇ ಮನೆಗಳನ್ನೆಲ್ಲ ಮರದ ಕಂಬಗಳ ಮೇಲೆ ಕಟ್ಟಿದ್ದಾರೆ. ಡಾಮ್ ಚೌಕದ ಅರಮನೆಯೊಂದರ ಕೆಳಗೇ 13,659 ಕಂಬಗಳಿವೆ. ಮರ ನೀರಲ್ಲಿ ಮುಳುಗಿದ್ದಷ್ಟು ಕಾಲ ಕೊಳೆಯದೆ ನೂರಾರು ವರ್ಷ ನಿಲ್ಲಬಲ್ಲದು. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಶಿಲೀಂಧ್ರ ಹಿಡಿದು ಕೊಳೆಯಲು ಶುರು. ಮನೆ ನಿಧಾನಕ್ಕೆ ಕೂರುತ್ತದೆ, ಅದೂ ಒಂದು ಮೂಲೆ ಜಾಸ್ತಿ, ಒಂದು ಮೂಲೆ ಕಡಿಮೆ.

ತಳಪಾಯ ರಿಪೇರಿಗೆ ಹತ್ತಾರು ಸಾವಿರ ಯೂರೊ ಬೇಕು, ಕೆಲವೊಮ್ಮೆ ಲಕ್ಷವೂ ದಾಟುತ್ತದೆ. ವಿಮೆ ಸಾಮಾನ್ಯವಾಗಿ ಇದನ್ನು ಕಟ್ಟಿಕೊಡುವುದಿಲ್ಲ. ಸಾಲುಮನೆಗಳಿಗೆ ಗೋಡೆ ಒಂದೇ ಆದ್ದರಿಂದ ನೀವೊಬ್ಬರೇ ಮಾಡಿಸಲೂ ಆಗುವುದಿಲ್ಲ, ಅಕ್ಕಪಕ್ಕದವರೂ ಒಪ್ಪಬೇಕು. ಆದ್ದರಿಂದ 1970ಕ್ಕೂ ಹಿಂದಿನ ಮನೆಯಾದರೆ ತಳಪಾಯದ ವರದಿ ಕೇಳಿ. ಕಂಬ ಮರದ್ದೋ ಕಾಂಕ್ರೀಟಿನದ್ದೋ, ಇನ್ನೆಷ್ಟು ವರ್ಷ ತಡೆಯುತ್ತದೆ ಅಂತ ಅದರಲ್ಲಿರುತ್ತದೆ. 25 ವರ್ಷಕ್ಕಿಂತ ಜಾಸ್ತಿ ಅಂದಿದ್ದರೆ ನಿದ್ದೆ ಮಾಡಬಹುದು. ವರದಿಯೇ ಇಲ್ಲ ಅಂದರೆ ಬೀದಿಗೆ ಇಳಿದು ಮನೆ ಮುಂದೆ ನಿಂತು ನೋಡಿ. ಇಟ್ಟಿಗೆ ಸಾಲು ನೇರವಾಗಿದೆಯಾ, ಕಿಟಕಿ ಮೂಲೆಯಿಂದ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆಯಾ. ಹಣ ಕೊಟ್ಟು ಕಟ್ಟಡ ತಪಾಸಣೆಯನ್ನೂ ಮಾಡಿಸಿ. ಚೀಲದಲ್ಲಿ ಒಂದು ನಿಂಬೆಹಣ್ಣೂ ಇರಲಿ.

ಹಂತ 4: ನಿದ್ದೆ ಮಾಡುವ ಸಂಘ, ಬಾಡಿಗೆಯ ಭೂಮಿ

ಫ್ಲಾಟ್ ಆದರೆ ಮಾಲೀಕರ ಸಂಘ ಇರುತ್ತದೆ, ವಿವಿಇ ಅನ್ನುತ್ತಾರೆ. ನೀವು ತಾನಾಗಿ ಅದರ ಸದಸ್ಯರು. ಸೂರು, ಮೆಟ್ಟಿಲು, ತಳಪಾಯ ಎಲ್ಲ ಸಂಘದ ಜವಾಬ್ದಾರಿ. ರಿಪೇರಿ ನಿಧಿಗೆ ವರ್ಷಕ್ಕೆ ಇಂತಿಷ್ಟು ಅಂತ ಕಾನೂನೇ ಇದೆ. 2018ರಿಂದ ಒಂದೋ ರಿಪೇರಿ ಯೋಜನೆ ಹೇಳಿದಷ್ಟು, ಇಲ್ಲವೇ ಕಟ್ಟಡ ಮತ್ತೆ ಕಟ್ಟುವ ವೆಚ್ಚದ 0.5 ಪರ್ಸೆಂಟ್ ಕೂಡಿಡಬೇಕು. ಮೂರು ನಾಲ್ಕು ಮನೆಗಳ ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಸಂಘ ಹೆಸರಿಗಷ್ಟೇ. ಸಭೆ ಇಲ್ಲ, ನಿಧಿ ಇಲ್ಲ. ಡಚ್ಚರು ಇದಕ್ಕೆ ‘ಮಲಗಿರುವ ವಿವಿಇ’ ಅಂತಲೇ ಕರೆಯುತ್ತಾರೆ. ತಿಂಗಳ ಚಂದಾ ಕಡಿಮೆ ಅಂತ ಹಿಗ್ಗಬೇಡಿ, ಸೂರು ಸೋರಿದ ದಿನ ಎಲ್ಲ ಸೇರಿಸಿ ಕೇಳುತ್ತಾರೆ. ಕಳೆದ ಎರಡು ಮೂರು ವರ್ಷದ ಸಭೆಯ ನಡಾವಳಿ ತರಿಸಿ ಓದಿ. ಮೇಲಿನ ಮನೆಯವರಿಗೂ ಕೆಳಗಿನವರಿಗೂ ಯಾಕೆ ಜಗಳ ಅನ್ನುವುದೂ ಗೊತ್ತಾಗುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇನ್ನೊಂದು ಸಂಗತಿ ಉಂಟು, ಎರ್ಫ್‌ಪಾಖ್ಟ್. ಮನೆ ನಿಮ್ಮದು, ಅದರ ಕೆಳಗಿನ ಭೂಮಿ ನಗರಸಭೆಯದು. 1896ರಿಂದ ನಡೆದುಬಂದ ಪದ್ಧತಿ. ಭೂಮಿಗೆ ಕಟ್ಟುವ ಬಾಡಿಗೆಗೆ ಕ್ಯಾನನ್ ಎಂದು ಹೆಸರು. ಕೆಲವು ಮನೆಗಳಿಗೆ ಮುಂದಿನ ಹಲವು ವರ್ಷಗಳ ಕ್ಯಾನನ್ ಮೊದಲೇ ಕಟ್ಟಿರುತ್ತಾರೆ. ಯಾವ ವರ್ಷದವರೆಗೆ, ಆಮೇಲೆ ಎಷ್ಟು, 2016ರಲ್ಲಿ ಬಂದ ಶಾಶ್ವತ ಪದ್ಧತಿಗೆ ಬದಲಾಯಿಸಿಕೊಂಡಿದ್ದಾರಾ ಎಂಬ ಮೂರು ಪ್ರಶ್ನೆ ಕೇಳಿ. ಪಕ್ಕಪಕ್ಕದ ಎರಡು ಮನೆಗಳ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಕಾರಣ ಎಷ್ಟೋ ಸಲ ಇದೇ.

ಹಂತ 5: ಬಿಡ್ ಮಾಡುವುದು

ಚೌಕಾಸಿ ಮಾಡಿ ಇಳಿಸೋಣ ಅಂತ ಹೋದವರು ಬೆಪ್ಪಾಗುತ್ತಾರೆ. ಬೇಡಿಕೆ ಇರುವ ಬಡಾವಣೆಯಲ್ಲಿ ಕೇಳಿದ ಬೆಲೆ ಬರೀ ಆರಂಭ, ಎಲ್ಲರೂ ಅದರ ಮೇಲೆ ಏರಿಸುತ್ತಾರೆ. ಹೆಚ್ಚಾಗಿ ಮುಚ್ಚಿದ ಲಕೋಟೆಯ ಪದ್ಧತಿ. ಇಂಥ ದಿನ ಇಷ್ಟು ಗಂಟೆಯೊಳಗೆ ಒಂದೇ ಸಲ ನಿಮ್ಮ ಬೆಲೆ ಹೇಳಬೇಕು. ಪಕ್ಕದವರು ಎಷ್ಟು ಹೇಳಿದರು ಗೊತ್ತಾಗುವುದಿಲ್ಲ.

ಮಾರುವವರು ಬೆಲೆ ಒಂದನ್ನೇ ನೋಡುವುದಿಲ್ಲ. ಷರತ್ತೂ ನೋಡುತ್ತಾರೆ. ‘ಸಾಲ ಸಿಗದಿದ್ದರೆ ಖರೀದಿ ರದ್ದು’ ಎಂಬ ಷರತ್ತು ತೆಗೆದುಹಾಕಿದರೆ ನಿಮ್ಮ ಬಿಡ್ ಗಟ್ಟಿಯಾಗಿ ಕಾಣುತ್ತದೆ. ಬ್ರೋಕರ್ ಕೂಡ ಹಾಗೇ ಮಾಡಿ ಅನ್ನಬಹುದು. ಕೈಯಲ್ಲಿ ಪೂರ್ತಿ ದುಡ್ಡಿಲ್ಲದಿದ್ದರೆ ಮಾಡಬೇಡಿ. ಬ್ಯಾಂಕ್ ಕೊನೆ ಗಳಿಗೆಯಲ್ಲಿ ಇಲ್ಲ ಅಂದರೆ ಬೆಲೆಯ 10 ಪರ್ಸೆಂಟ್ ದಂಡ ಕಟ್ಟಬೇಕಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 45,000 ಯೂರೊ.

ಹಂತ 6: ಸಹಿ, ಮೂರು ದಿನ, ಮತ್ತೆ ಸಹಿ

ಬಿಡ್ ಒಪ್ಪಿದರು ಅಂದ ಮಾತ್ರಕ್ಕೆ ಮನೆ ನಿಮ್ಮದಾಗಲಿಲ್ಲ. ಬರಹದಲ್ಲಿ ಕರಾರು ಆಗಬೇಕು. ಎರಡೂ ಕಡೆ ಸಹಿ ಆದ ಕರಾರಿನ ಪ್ರತಿ ಕೈಗೆ ಬಂದ ಮೇಲೆ ಮೂರು ದಿನ ಯೋಚನೆಗೆ ಅವಕಾಶ. ಕಾರಣ ಕೊಡದೆ ಬೇಡ ಅನ್ನಬಹುದು. ಈ ಹಕ್ಕು ಕೊಳ್ಳುವವರಿಗೆ ಮಾತ್ರ. ಅದಾದ ಮೇಲೆ ಬೆಲೆಯ 10 ಪರ್ಸೆಂಟ್ ಮುಂಗಡವನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ನೋಟಾರಿಸ್ ಹತ್ತಿರ ಇಡಬೇಕು.

ಕರಾರಿನ ಜೊತೆ ಒಂದು ಪಟ್ಟಿ ಬರುತ್ತದೆ. ಮನೆಯಲ್ಲಿ ಏನು ಬಿಟ್ಟು ಹೋಗುತ್ತಾರೆ, ಏನು ಒಯ್ಯುತ್ತಾರೆ ಅಂತ. ಸಾಲು ಸಾಲು ಓದಿ. ಪರದೆ, ದೀಪ, ಡಿಶ್‌ವಾಷರ್ ಬಿಡಿ, ನೆಲಕ್ಕೆ ಹಾಸಿದ ಲ್ಯಾಮಿನೇಟ್ ಕೂಡ ಆ ಪಟ್ಟಿಯಲ್ಲಿರುತ್ತದೆ.

ನೋಟಾರಿಸ್ ಅಂದರೆ ನಮ್ಮ ಕೋರ್ಟ್ ಮುಂದೆ ಸೀಲು ಹೊಡೆಯುವ ನೋಟರಿ ಅಲ್ಲ. ವಕೀಲ, ಸಬ್ ರಿಜಿಸ್ಟ್ರಾರ್ ಇಬ್ಬರ ಕೆಲಸವನ್ನೂ ಬಹುಪಾಲು ಮಾಡುವ ದೊಡ್ಡ ಅಧಿಕಾರದ ವ್ಯಕ್ತಿ. ಹಣವೆಲ್ಲ ಅವರ ಖಾತೆಯ ಮೂಲಕವೇ ಹೋಗುತ್ತದೆ, ಮಾರುವವರ ಕೈಗೆ ನೀವು ಒಂದು ಯೂರೊ ಕೊಡುವುದಿಲ್ಲ. ಬ್ಲ್ಯಾಕ್ ಎಷ್ಟು ವೈಟ್ ಎಷ್ಟು ಎಂಬ ಮಾತೇ ಏಳುವುದಿಲ್ಲ. ಪತ್ರ ಡಚ್ ಭಾಷೆಯಲ್ಲಿರುತ್ತದೆ. ನಿಮಗೆ ಅರ್ಥವಾಗದಿದ್ದರೆ ದುಭಾಷಿ ಬೇಕು ಅನ್ನುತ್ತಾರೆ, ಅದರ ಖರ್ಚೂ ನಿಮ್ಮದೇ.

ಸಹಿಯ ದಿನ ಮೊದಲು ಮನೆಗೆ ಹೋಗಿ. ನಲ್ಲಿ ತಿರುಗಿಸಿ, ಹೀಟರ್ ಹಾಕಿ, ಗ್ಯಾಸ್, ಕರೆಂಟು, ನೀರಿನ ಮೀಟರ್ ಫೋಟೊ ತೆಗೆದುಕೊಳ್ಳಿ. ಆಮೇಲೆ ನೋಟಾರಿಸ್ ಕಚೇರಿ. ಎರಡು ಪತ್ರ, ಒಂದು ಮನೆಯದು, ಒಂದು ಸಾಲದ್ದು. ಒಂದು ಗಂಟೆಯೊಳಗೆ ಮುಗಿಯುತ್ತದೆ. ಕೀಲಿ ಕೈಗೆ ಬರುತ್ತದೆ.

ಗೃಹಪ್ರವೇಶಕ್ಕೆ ಮುಂಚೆ

ಹಳೇ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು, ಮಂಚ ಸೋಫಾ ಹತ್ತುವುದಿಲ್ಲ. ಮನೆಯ ನೆತ್ತಿಯ ಮೇಲೆ ಚಾಚಿಕೊಂಡ ಕೊಕ್ಕೆ ಕಾಣುತ್ತದಲ್ಲ, ಅದು ಅಲಂಕಾರಕ್ಕಲ್ಲ. ಅದಕ್ಕೆ ಹಗ್ಗ ಕಟ್ಟಿ ಸಾಮಾನನ್ನು ಕಿಟಕಿಯಿಂದ ಒಳಗೆ ಎಳೆಯುತ್ತಾರೆ. ಈಗ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೂ ಸಿಗುತ್ತದೆ. ಬೀರು ಕೊಳ್ಳುವ ಮೊದಲು ಕಿಟಕಿ ಅಳೆಯಿರಿ.

ಹಾಲು ಉಕ್ಕಿಸಲು ತೊಂದರೆ ಇಲ್ಲ, ಇಂಡಕ್ಷನ್ ಒಲೆಯ ಮೇಲೂ ಉಕ್ಕುತ್ತದೆ. ಹೋಮ ಮಾಡಿಸುವ ಯೋಚನೆ ಇದ್ದರೆ ಮಾತ್ರ ಒಮ್ಮೆ ತಲೆ ಎತ್ತಿ ನೋಡಿ. 2022ರ ಜುಲೈ 1ರಿಂದ ಮನೆಯ ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಕಡ್ಡಾಯ. ಪುರೋಹಿತರು ತುಪ್ಪ ಹಾಕುವುದಕ್ಕೂ ಅದು ಕೂಗುವುದಕ್ಕೂ ಸರಿಹೋಗುತ್ತದೆ. ಕಿಟಕಿ ತೆರೆದಿಡಿ, ಕೆಳಗಿನ ಮನೆಯವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಡಿ.