ಕಿಡ್ನಿ ಕೈಕೊಟ್ಟ ಮೇಲೆ ನನ್ನ ಮಟನ್ ಲೆಕ್ಕ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ವಯಸ್ಸು 58. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) 2.2, ಇಜಿಎಫ್‌ಆರ್ 34 (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು). ಕಿಡ್ನಿ ಕಾಯಿಲೆಯ ಮೂರನೇ ಹಂತ. ಡಾಕ್ಟರು ಇದನ್ನು ಹೇಳಿದ ದಿನ ನಾನು ಕೇಳಿದ ಮೊದಲ ಪ್ರಶ್ನೆ, ‘ಸರ್, ಮಟನ್?’ ಕುರಿ ಕಾಯೋ ಸೀಮೆಯವರು, ಕೇಳದೆ ಇರೋಕಾಗುತ್ತಾ?

ಪೂರ್ತಿ ಬಿಡಿ ಅನ್ನಲಿಲ್ಲ. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್, ಅಷ್ಟರಲ್ಲೇ ಇರಿ ಅಂದರು. ನನ್ನ ತೂಕ 60 ಕಿಲೋ, ಹಾಗಾಗಿ 48 ಗ್ರಾಂ. ಎಲುಬಿಲ್ಲದ 100 ಗ್ರಾಂ ಹಸಿ ಮಟನ್‌ನಲ್ಲೇ ಸುಮಾರು 20 ಗ್ರಾಂ ಇರುತ್ತದೆ. ಭಾನುವಾರ ನಾನೊಬ್ಬನೇ ಪಾವು ಕಿಲೋ ಮುಗಿಸುತ್ತಿದ್ದೆ. ಇಡೀ ದಿನದ ಖಾತೆ ಅಲ್ಲಿಗೇ ಖಾಲಿ! ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬೇರೆ.

ಈಗ ತಿಂಗಳಿಗೆ ಎರಡು ಭಾನುವಾರ, ಸಲಕ್ಕೆ 75 ಗ್ರಾಂ. ಹಸಿ ಇದ್ದಾಗಲೇ ತೂಗಿ ನನ್ನ ತುಂಡುಗಳನ್ನು ಬೇರೆ ಇಡುತ್ತೇವೆ. ಅವತ್ತು ಬೇಳೆ, ಕಾಳು, ಹಿಂಡಿ ಮುಟ್ಟುವುದಿಲ್ಲ. ಲಿವರ್ ಬಿಟ್ಟೆ, ಅದರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. ರಂಜಕ, ಪೊಟ್ಯಾಶಿಯಂ ಎರಡನ್ನೂ ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದು. (ಡಯಾಲಿಸಿಸ್ ಮಾಡಿಸಿಕೊಳ್ಳುವವರ ಲೆಕ್ಕ ಉಲ್ಟಾ. ಅವರಿಗೆ ಪ್ರೋಟೀನ್ ಜಾಸ್ತಿ ಬೇಕು. ನನ್ನ ಅಂಕಿ ಅವರಿಗೆ ಬೇಡ.)

ನಿಜವಾಗಿ ಕಷ್ಟವಾಗಿದ್ದು ತುಂಡು ಬಿಡೋದಲ್ಲ, ರಸ ಬಿಡೋದು. ಕಟಿರೊಟ್ಟಿ ಮುರಿದು ಬಿಸಿ ರಸದಲ್ಲಿ ನೆನೆಸಿ ತಿಂದವರಿಗೆ ಗೊತ್ತು. ಆದರೆ ಮಾಂಸದ ಪೊಟ್ಯಾಶಿಯಂ, ರಂಜಕ ಒಂದಷ್ಟು ಆ ನೀರಿಗೇ ಇಳಿಯುತ್ತದೆ. ಅದಕ್ಕೆ ನನ್ನ ಪಾಲನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಹತ್ತು ನಿಮಿಷ ಕುದಿಸಿ, ನೀರು ಚೆಲ್ಲಿ, ಆಮೇಲೆ ಮಸಾಲೆಗೆ ಹಾಕುತ್ತೇವೆ. ಮೊದಲ ಸಲ ಹೆಂಡತಿ ಪಾತ್ರೆ ಬಗ್ಗಿಸುತ್ತಾ, ‘ರುಚೀನೆಲ್ಲಾ ಬಚ್ಚಲಿಗೆ ಸುರುವಿದಂಗಾತು ನೋಡ್ರಿ’ ಅಂದಳು. ಸುಳ್ಳಲ್ಲ. ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ ಮುಂದೆ ಮಾಡಿ ಹೇಗೋ ಸರಿದೂಗಿಸಿದ್ದೇವೆ. ಉಪ್ಪು ಅರ್ಧ. ಸೋಡಿಯಂ ಕಮ್ಮಿ ಅಂತ ಮಾರುವ ಉಪ್ಪನ್ನು ಒಮ್ಮೆ ತಂದಿದ್ದೆ. ಚೀಟಿ ಓದಿದರೆ ಅದರಲ್ಲಿರೋದು ಪೊಟ್ಯಾಶಿಯಂ ಕ್ಲೋರೈಡ್! ವಾಪಸ್ ಕೊಟ್ಟೆ.

ಒಂದು ಸಲ ಎಡವಿದೆ. ಹುಲಿಗೆಮ್ಮನ ಜಾತ್ರೆ ಮುಗಿಸಿ ಬೀಗರು ಮನೆಗೆ ಬಂದಿದ್ದರು. ರಾತ್ರಿ ಲೆಕ್ಕ ತಪ್ಪಿತು. ಬೆಳಿಗ್ಗೆ ಉಳಿದ ಸಾರಿಗೆ ಎರಡು ರೊಟ್ಟಿ ಮುಗಿಸಿ, ಹತ್ತು ಗಂಟೆಗೆ ರಕ್ತ ಕೊಟ್ಟು ಬಂದೆ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 2.5, ಇಜಿಎಫ್‌ಆರ್ 29. ಮೂವತ್ತರ ಕೆಳಗೆ ಅಂದರೆ ನಾಲ್ಕನೇ ಹಂತ. ಎರಡು ರಾತ್ರಿ ನಿದ್ದೆ ಇಲ್ಲ. ಡಾಕ್ಟರು ರಿಪೋರ್ಟ್ ನೋಡಿ ಕೇಳಿದ್ದು ಒಂದೇ, ‘ಹಿಂದಿನ ದಿನ ಏನು ಊಟ?’ ಮಾಂಸ ಬೆಂದಾಗ ಅದರಲ್ಲಿರುವ ಕ್ರಿಯಾಟಿನ್ ಅನ್ನೋ ಇನ್ನೊಂದು ವಸ್ತು ಒಂದಷ್ಟು ಕ್ರಿಯಾಟಿನಿನ್ ಆಗುತ್ತದಂತೆ. ತಿಂದ ಮೇಲೆ ಕೆಲವು ಗಂಟೆ ಅದೂ ರಕ್ತದಲ್ಲಿ ಕಾಣಿಸುತ್ತದೆ. ಟೆಸ್ಟಿಗೆ 12 ಗಂಟೆ ಮುಂಚಿನಿಂದ ಮಾಂಸ ಬೇಡ ಅಂದರು. ಹತ್ತು ದಿನ ಬಿಟ್ಟು ಹಾಗೇ ಮಾಡಿ ಮತ್ತೆ ಕೊಟ್ಟೆ. 2.2.

ಈಗ ಟೆಸ್ಟಿನ ಹಿಂದಿನ ದಿನಕ್ಕೆ ಹೆಂಡತಿ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುಂಡು ಹಾಕುತ್ತಾಳೆ. ಅವತ್ತು ಬೀಗರು ಬಂದರೂ ನಮ್ಮನೇಲಿ ಹೀರೇಕಾಯಿ ಪಲ್ಯವೇ.