ಹಿಂದೆ ಜಿಪ್ಸಿ, ಮುಂದೆ ದೇವಿಮನೆ ಘಟ್ಟ

ಕುಮಟಾ ಹತ್ತಿರದ ಮಿರ್ಜಾನಿನಲ್ಲಿ ನನ್ನ ಮಾವನ ಮನೆ. ಅಲ್ಲಿ ತೆಂಗಿನ ಮರದ ಬುಡದಲ್ಲಿ ಮಾರುತಿಯ ಒಂದು ಜಿಪ್ಸಿ ಕಿಂಗ್ ಜೀಪು 3 ವರ್ಷದಿಂದ ನಿಂತಿತ್ತು. ಇಂಜಿನ್ ಹೋಗಿತ್ತು. ಸಮುದ್ರದ ಗಾಳಿಗೆ ಬಾಡಿ ಅಲ್ಲಲ್ಲಿ ಸಂಡಿಗೆಯ ಹಾಗೆ ಉಬ್ಬಿತ್ತು. "ಬೇಕಾದ್ರೆ ತಗಂಡು ಹೋಗು, ಗುಜರಿಯವ್ನಿಗೆ ಕೊಡೂಲೆ ಮನಸ್ಸಿಲ್ಲೆ" ಅಂದರು ಮಾವ. ದೇವಿಮನೆ ಘಟ್ಟದ ಮೇಲಿನ ಶಿರಸಿಗೆ ತಂದು ರಿಪೇರಿ ಮಾಡಿಸೋಣ ಅಂತ ನಾನು ಒಪ್ಪಿಕೊಂಡೆ.

ಗಾಡಿ ಹೊತ್ತೊಯ್ಯುವ ಲಾರಿಯನ್ನು ಮೊದಲು ಕೇಳಿದೆ. ಎರಡೂ ಕಡೆ ಚಿರೆಕಲ್ಲಿನ ಪಾಗಾರ ಇರುವ ಓಣಿಯಲ್ಲಿ ಅದು ಒಳಗೆ ಬರುವ ಹಾಗೇ ಇರಲಿಲ್ಲ. ನನ್ನ ಹತ್ತಿರ ಇಸುಜು ವಿ-ಕ್ರಾಸ್ ಪಿಕಪ್ ಇದೆ. 1.9 ಲೀಟರ್ ಡೀಸೆಲ್, 4x4 ಅಂದರೆ ಬೇಕಾದಾಗ ನಾಲ್ಕೂ ಚಕ್ರ ಎಳೆಯುತ್ತದೆ, ಟಾರ್ಕ್ ಅಂದರೆ ತಿರುಗಿಸುವ ಬಲ 360 ಎನ್‌ಎಂ. ಅಡಿಕೆ ಮೂಟೆ, ಗೊಬ್ಬರ, ಪಂಪ್‌ಸೆಟ್ ಎಲ್ಲಾ ಅದರಲ್ಲೇ ಓಡಾಡುತ್ತದೆ. ಜಿಪ್ಸಿ ಹೆಚ್ಚುಕಡಿಮೆ 1 ಟನ್, ಪಿಕಪ್ ಅದರ ದುಪ್ಪಟ್ಟಿಗೆ ಹತ್ತಿರ. ಎಳೆಯೋದೇನು ಮಹಾ ಅಂದುಕೊಂಡೆ.

ಮೊದಲ ಸಲ ಹಗ್ಗ ಕಟ್ಟಿದೆ. ತೋಟದಿಂದ ರಸ್ತೆಗೆ ಬರುವಷ್ಟರಲ್ಲೇ ಬುದ್ಧಿ ಬಂತು. ಹಗ್ಗ ಸಡಿಲ ಆಗೋದು, ಮತ್ತೆ ರಪ್ ಅಂತ ಬಿಗಿಯೋದು. ನಾಲ್ಕನೇ ಎಳೆತಕ್ಕೆ ತುಂಡಾಗಿ ಪಿಕಪ್ಪಿನ ಹಿಂಬಾಗಿಲಿಗೆ ಬಡಿಯಿತು. ಅಲ್ಲಿ ಯಾರಾದರೂ ನಿಂತಿದ್ದರೆ ಕಣ್ಣು ಹೋಗುತ್ತಿತ್ತು. ಜಿಪ್ಸಿಯನ್ನು ರಸ್ತೆ ಬದಿಯ ಪರಿಚಯದವರ ಅಂಗಳದಲ್ಲಿ ಬಿಟ್ಟು ಬರಿಗೈಯಲ್ಲಿ ವಾಪಸ್ ಬಂದೆ.

ಶಿರಸಿಯ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಚೌಕ ಪೈಪಿನ ಎ-ಫ್ರೇಮ್, ಅಂದರೆ ಇಂಗ್ಲಿಷಿನ 'ಎ' ಅಕ್ಷರದ ಆಕಾರದ ಎಳೆಯುವ ಚೌಕಟ್ಟು ಮಾಡಿಸಿದೆ. ಅದರ ಎರಡು ಕಾಲನ್ನು ಜಿಪ್ಸಿಯ ಬಂಪರ್‌ಗಲ್ಲ, ಚಾಸಿಯ (ಗಾಡಿಯ ಅಡಿಯ ಗಟ್ಟಿ ಚೌಕಟ್ಟಿನ) ತುದಿಗೇ ಬೋಲ್ಟ್ ಮಾಡಬೇಕು. ಪಿಕಪ್ ಕಡೆಯೂ ಅಷ್ಟೇ, ಫ್ರೇಮಿನ ತುದಿ ಸಿಕ್ಕಿಸುವ ಗುಂಡು ಕೂರಿಸುವ ಪಟ್ಟಿ ಚಾಸಿಯ ಎರಡೂ ಬದಿಗೆ ಹಿಡಿದಿರಬೇಕು. ಬಂಪರ್ ನಂಬಿದರೆ ಬಂಪರ್ ಒಂದೇ ಶಿರಸಿಗೆ ಬರುತ್ತದೆ. ಫ್ರೇಮ್ ಕಳಚಿದರೂ ಗಾಡಿ ತಪ್ಪಿಸಿಕೊಳ್ಳದಿರಲಿ ಅಂತ ಎರಡು ಸರಪಳಿಯನ್ನು ಕತ್ತರಿ ಆಕಾರದಲ್ಲಿ ಹಾಕಿದೆವು.

ಜಿಪ್ಸಿಯ ಕೆಳಗೆ ಮಲಗಿ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಹಿಂದಿನ, ಮುಂದಿನ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದೆವು. ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಕ್ಕೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿದರೆ ಸಾಕು ಅನ್ನುವವರಿದ್ದಾರೆ. ಹಾಗೆ ಹಾಕಿದರೂ ಚಕ್ರದ ಜೊತೆ ಒಳಗಿನ ಕೆಲವು ಭಾಗ ಸುತ್ತುತ್ತಲೇ ಇರುತ್ತದೆ, ಎಣ್ಣೆ ಎಲ್ಲಾ ಕಡೆ ಸರಿಯಾಗಿ ಸಿಡಿಯುತ್ತದೆ ಅನ್ನುವ ಭರವಸೆ ಇಲ್ಲ. ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಒಂದು ಗಂಟೆ ಹೋಯಿತು. ಹೋಗಲಿ ಬಿಡಿ, ಗೇರ್‌ಬಾಕ್ಸ್ ಉಳಿಯಿತು.

ಕಾನೂನನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುವವರು ಜಾಸ್ತಿ. ಕೆಟ್ಟು ನಿಂತ ಗಾಡಿಯನ್ನು ಗ್ಯಾರೇಜಿಗೆ ಎಳೆದೊಯ್ಯಬಹುದು. ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವರು ಸ್ಟೇರಿಂಗ್ ಹಿಡಿದು ಕೂರಬೇಕು. ಎರಡು ಗಾಡಿ ನಡುವೆ 5 ಮೀಟರ್ ಮೀರಬಾರದು. ಹಿಂದೆ ಬಿಳಿ ಹಲಗೆ ಮೇಲೆ ಕಪ್ಪು ಅಕ್ಷರದಲ್ಲಿ 'ಆನ್ ಟೋ' (ಎಳೆದೊಯ್ಯುತ್ತಿರುವ ಗಾಡಿ) ಅಂತ ಇರಬೇಕು. ವೇಗ ಗಂಟೆಗೆ 24-25 ಕಿ.ಮೀ. ಒಳಗೇ. ಚೆನ್ನಾಗಿ ಓಡುವ ಜೀಪನ್ನು ಆಫ್‌ರೋಡ್ ಮಜಾಕ್ಕೆ ಹೀಗೆ ಕಟ್ಟಿಕೊಂಡು ಹೋಗುವ ಹಾಗಿಲ್ಲ, ಅದಕ್ಕೆ ನೋಂದಣಿ ಆದ ಟ್ರೇಲರ್ ಬೇಕು. ಇಲ್ಲವಾದರೆ ಜೀಪನ್ನೇ ಓಡಿಸಿಕೊಂಡು ಹೋಗಿ, ಸುಮ್ನೆ ಯಾಕೆ ಎಳೆಯೋದು?

ನವೆಂಬರಿನ ಒಂದು ಬೆಳಿಗ್ಗೆ 5ಕ್ಕೆ ಹೊರಟೆವು. ಜಿಪ್ಸಿಯಲ್ಲಿ ಭಾವ. ಘಟ್ಟದಲ್ಲಿ ಫೋನ್ ಸಿಗೋದಿಲ್ಲ ಅಂತ ಹಾರ್ನ್ ಸಂಕೇತ ಮಾಡಿಕೊಂಡಿದ್ದೆವು. ಒಂದು ಸಲ ಹೊಡೆದರೆ ನಿಧಾನ, ಎರಡು ಸಲ ಹೊಡೆದರೆ ನಿಲ್ಲಿಸು. ಜಿಪ್ಸಿಯ ಬ್ಯಾಟರಿ ಸತ್ತಿದೆ ಅನ್ನೋದು ನೆನಪಾಗಿದ್ದು ಗಾಡಿ ಕಟ್ಟಿದ ಮೇಲೆ. ಮಾವನ ಮನೆಯ ಇನ್ವರ್ಟರ್ ಬ್ಯಾಟರಿ ತಂದು ಸೀಟಿನ ಪಕ್ಕ ಇಟ್ಟು ತಂತಿ ಎಳೆದೆವು.

ಸೇತುವೆ ದಾಟಿ ದಿವಗಿಯಲ್ಲಿ ಶಿರಸಿ ರಸ್ತೆಗೆ ತಿರುಗಿದೆವು. ಪಿಕಪ್ ಹಿಂದೆ ಗಾಡಿ ಇದೆ ಅನ್ನೋದೇ ಗೊತ್ತಾಗದಷ್ಟು ಹಗುರವಾಗಿ ಹೋಗುತ್ತಿತ್ತು. ನನಗೆ ಖುಷಿಯೋ ಖುಷಿ. ಕತಗಾಲದ ಹತ್ತಿರ ಎರಡು ಹಾರ್ನ್ ಕೇಳಿಸಿತು. ಇಳಿದು ನೋಡಿದರೆ ಜಿಪ್ಸಿಯ ಹಿಂದಿನ ಎಡಗಾಲಿಯಿಂದ ಹೊಗೆ. ಭಾವ, "ವಾಸನೆ ಬತ್ತಾ ಇದ್ದು ಅಂತ ಆವಾಗ್ಲೇ ಅನಿಸ್ತು, ನಿನ್ ಗಾಡಿ ಇಷ್ಟು ಸಲೀಸು ಹೋಗ್ತಾ ಇದ್ದು ಅಂತ ಸುಮ್ನಾದೆ" ಅಂದ.

ಆಗಿದ್ದು ಇಷ್ಟೇ. 3 ವರ್ಷ ಉಪ್ಪುಗಾಳಿಯಲ್ಲಿ ನಿಂತು ಹ್ಯಾಂಡ್‌ಬ್ರೇಕಿನ ಕೇಬಲ್ ಒಳಗೇ ತುಕ್ಕು ಹಿಡಿದಿತ್ತು. ಲಿವರ್ ಕೆಳಗೆ ಬಿದ್ದರೂ ಒತ್ತಿ ಹಿಡಿಯುವ ಬ್ರೇಕ್ ಶೂ, ಚಕ್ರದ ಜೊತೆ ಸುತ್ತುವ ಡ್ರಮ್ಮನ್ನು ಬಿಟ್ಟಿರಲಿಲ್ಲ. ಸಣ್ಣ ಕಾರಿನಲ್ಲಿ ಎಳೆದಿದ್ದರೆ ಅದು ಮಿಸುಕಾಡುತ್ತಿರಲಿಲ್ಲ, ಅಲ್ಲೇ ಗೊತ್ತಾಗುತ್ತಿತ್ತು. ನನ್ನ ಪಿಕಪ್ಪಿಗೆ ತಾಕತ್ತು ಇದ್ದಿದ್ದೇ ತೊಂದರೆ ಆಯಿತು. ಬ್ರೇಕ್ ಹಿಡಿದ ಗಾಡಿಯನ್ನೂ ಅದು ಸದ್ದಿಲ್ಲದೆ ಎಳೆದುಕೊಂಡು ಬಂದಿತ್ತು. ಡ್ರಮ್ ತಣ್ಣಗಾಗುವವರೆಗೆ ಕಾದೆವು. ನೀರು ಹೊಯ್ಯಬೇಡಿ, ಎರಕದ ಬಿಸಿ ಡ್ರಮ್ ಬಿರುಕು ಬಿಡುತ್ತದೆ. ಜಾಕ್ ಹಾಕಿ, ಕೇಬಲನ್ನು ಶೂ ಕಡೆಯಿಂದ ಬಿಡಿಸಿ, ಚಕ್ರ ಕೈಯಲ್ಲಿ ಸುತ್ತುತ್ತದೆ ಅಂತ ಖಾತ್ರಿ ಮಾಡಿಕೊಂಡೆವು. ಉಳಿದ ಮೂರನ್ನೂ ಎತ್ತಿ ನೋಡಿದೆವು. ಈ ಕೆಲಸವನ್ನು ಮಿರ್ಜಾನಿನಲ್ಲೇ ಮಾಡಬೇಕಿತ್ತು, ಅಲ್ವಾ? ಆಮೇಲೆ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿದು ಬಿಸಿ ನೋಡುತ್ತಿದ್ದೆ.

ದೇವಿಮನೆ ಘಟ್ಟ ಹತ್ತುವಾಗ ಎರಡನೇ ಗೇರು, ಇಂಜಿನ್ ನಿಮಿಷಕ್ಕೆ 2000 ಸುತ್ತಿನ ಆಸುಪಾಸು. ನೆರಳಿನ ತಿರುವಿನಲ್ಲಿ ರಸ್ತೆ ಒದ್ದೆ, ಪಾಚಿ ಬೇರೆ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಚಕ್ರ ಜಾರುತ್ತದೆ ಅಂತ 5 ಚೀಲ ಮರಳು ಹೇರಿಕೊಂಡಿದ್ದೆ. ಒದ್ದೆ ಜಾಗದಲ್ಲಿ ಮಾತ್ರ ನಾಲ್ಕೂ ಚಕ್ರ ಎಳೆಯುವ 4ಎಚ್ ಹಾಕಿದೆ. ಒಣ ಟಾರ್ ಮೇಲೆ ಅದನ್ನು ಹಾಕಿಕೊಂಡು ತಿರುವು ತಿರುಗಿದರೆ ಗೇರು ಬಿಗಿದುಕೊಳ್ಳುತ್ತದೆ.

ಒಂದು ತಿರುವಿನಲ್ಲಿ ಮೇಲಿಂದ ಬಸ್ಸು ಬಂತು. ಪಿಕಪ್, ಫ್ರೇಮ್, ಜಿಪ್ಸಿ ಸೇರಿದರೆ ನಾವೂ ಒಂದು ಬಸ್ಸಿನಷ್ಟೇ ಉದ್ದ. ಹಿಂದೆ ಹೋಗಿ ಅಂತ ಬಸ್ಸಿನ ಡ್ರೈವರ್ ಸನ್ನೆ. ಆದರೆ ಎ-ಫ್ರೇಮ್ ಕಟ್ಟಿದ ಗಾಡಿಯನ್ನು ರಿವರ್ಸ್ ತೆಗೆಯಲು ಆಗೋದಿಲ್ಲ, ಜಿಪ್ಸಿಯ ಮುಂದಿನ ಚಕ್ರ ಎತ್ತಲೋ ತಿರುಗಿ ಫ್ರೇಮ್ ಸೊಟ್ಟಾಗುತ್ತದೆ. ಡ್ರೈವರ್ ಇಳಿದು ಬಂದು ಹಲಗೆ ಓದಿ ನಕ್ಕರು, ಬಸ್ಸನ್ನೇ ಹಿಂದೆ ತೆಗೆದರು.

ಮೇಲೆ ಹತ್ತಿದ ಮೇಲೆ ಕಷ್ಟ ಅಂದರೆ ಸಣ್ಣ ಸಣ್ಣ ಇಳಿಜಾರು. ಜಿಪ್ಸಿಗೆ ಪವರ್ ಸ್ಟೇರಿಂಗ್ ಇಲ್ಲದ್ದು ಲಾಭ, ಇಂಜಿನ್ ಸತ್ತರೂ ಸ್ಟೇರಿಂಗ್ ಮೊದಲಿನ ಹಾಗೇ. ಬ್ರೇಕ್ ಹಾಗಲ್ಲ. ಇಂಜಿನ್ ಓಡದಿದ್ದರೆ, ಪೆಡಲ್ ಒತ್ತಲು ನೆರವಾಗುವ ಬೂಸ್ಟರಿಗೆ ವ್ಯಾಕ್ಯೂಮ್ ಸಿಗೋದಿಲ್ಲ, ಪೆಡಲ್ ಕಲ್ಲಿನ ಹಾಗೆ. ಭಾವ ಎರಡೂ ಕಾಲು ಒತ್ತಿದರೂ ಹಿಂದಿನಿಂದ ನನ್ನನ್ನು ತಳ್ಳಿದ ಹಾಗೆ ಆಗುತ್ತಿತ್ತು. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬಂದು, ಬ್ರೇಕನ್ನು ನೇರ ರಸ್ತೆಯಲ್ಲೇ ಮುಗಿಸಿ, ತಿರುವಿನಲ್ಲಿ ಮುಟ್ಟದೆ ಹೋದೆ.

ಅಮ್ಮಿನಳ್ಳಿ, ಹನುಮಂತಿ ದಾಟಿ ಗ್ಯಾರೇಜು ಮುಟ್ಟಿದಾಗ 10 ಗಂಟೆ. ಭಾವ ಇಳಿದವನೇ ಬಲಗಾಲು ನೀವಿಕೊಳ್ಳುತ್ತಾ ಬೆಂಚಿನ ಮೇಲೆ ಕೂತ. ಇನ್ವರ್ಟರ್ ಬ್ಯಾಟರಿ ಇನ್ನೂ ಜಿಪ್ಸಿಯಲ್ಲೇ ಇತ್ತು. ಅಷ್ಟರಲ್ಲಿ ಮಾವನ ಫೋನು. ಮಿರ್ಜಾನಿನಲ್ಲಿ ಕರೆಂಟ್ ಹೋಗಿತ್ತು.